ನಾಲ್ಕನೆಯ ಗುಹೆಯ ಪತ್ರ

ಶುದ್ಧವಾದ ಪಾತ್ರೆಯಿಂದ ಮೈಲಿಗೆಯಾದ ಪಾತ್ರೆಗೆ ನೀರು ಹೊಯ್ಯುತ್ತಿದ್ದೀರಿ. ಧಾರೆ ಕಡಿಯದೆ ಬೀಳುತ್ತಿದೆ. ಕೆಳಗಿನ ಪಾತ್ರೆಯ ಮೈಲಿಗೆ ಆ ಧಾರೆಯನ್ನೇ ಹಿಡಿದು ಮೇಲೇರಿ ಮೇಲಿನ ಪಾತ್ರೆಯನ್ನೂ ಮುಟ್ಟುತ್ತದೆಯೆ? ಮಡಿ-ಮೈಲಿಗೆಯ ಮನೆಗಳನ್ನು ಕಂಡ ಕನ್ನಡಿಗರಿಗೆ ಈ ಪ್ರಶ್ನೆ ವಿಚಿತ್ರವೆನಿಸಲಾರದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಯೆರೂಸಲೇಮಿನ ಯೆಹೂದ್ಯ ಪಂಡಿತರು ಇಂಥ ಪ್ರಶ್ನೆಗಳನ್ನು ಹಿಡಿದು ವಾದಿಸಿ, ಒಬ್ಬರಿಂದೊಬ್ಬರು ದೂರವಾಗಿದ್ದರು. ಮುಟ್ಟುತ್ತದೆ ಎಂದವರ ಗುಂಪೊಂದು ತನ್ನ ನಿಲುವುಗಳನ್ನೆಲ್ಲ ಪತ್ರದಂಥ ಒಂದು ಬರಹದಲ್ಲಿ ಜೋಡಿಸಿಟ್ಟಿತು. ಅದರ ಚೂರುಗಳು 1952ರಲ್ಲಿ ಮೃತಸಮುದ್ರದ ದಡದ ಗುಹೆಯೊಂದರಲ್ಲಿ ಸಿಕ್ಕವು. ಬರಹದ ಕೊನೆಯ ಭಾಗದಲ್ಲಿದ್ದ ಮೂರು ಹೀಬ್ರೂ ಪದಗಳು ಮುಂದೆ ಕ್ರೈಸ್ತ ದೇವಶಾಸ್ತ್ರದ ಅತಿ ಹಳೆಯ ಪ್ರಶ್ನೆಯನ್ನೇ ಕಲಕಿಬಿಟ್ಟವು. ಮೋಶೆಯ ಧರ್ಮಶಾಸ್ತ್ರಕ್ಕೂ ಮನುಷ್ಯನ ರಕ್ಷಣೆಗೂ ಏನು ಸಂಬಂಧ ಎಂಬುದು ಆ ಪ್ರಶ್ನೆ.

ಅದನ್ನು ತೀಕ್ಷ್ಣವಾಗಿ ಎತ್ತಿದವನು ಅಪೊಸ್ತಲ ಪೌಲ. ಅವನು ಹುಟ್ಟಿನಿಂದ ಯೆಹೂದ್ಯ, ಪಂಥದಿಂದ ಫರಿಸಾಯ. ಯೇಸುವಿನ ವಾರ್ತೆಯನ್ನು ಅವನು ಯೆಹೂದ್ಯರಲ್ಲದವರ ಊರುಗಳಿಗೆ ಒಯ್ದ, ಅವರು ನಂಬಿದರು. ಆಗ ಎದ್ದ ಗೊಂದಲ ತೀರ ವ್ಯಾವಹಾರಿಕವಾದದ್ದು. ನಂಬಿದ ಅನ್ಯಜನರು ಸುನ್ನತಿ ಮಾಡಿಸಿಕೊಳ್ಳಬೇಕೆ? ಹಂದಿಮಾಂಸ ಬಿಡಬೇಕೆ? ಸಬ್ಬತ್ ದಿನವನ್ನು ಆಚರಿಸಬೇಕೆ? ಯೆರೂಸಲೇಮಿನಲ್ಲಿ ಹಿರಿಯರು ಸೇರಿ ಚರ್ಚಿಸಿ, ಅನ್ಯಜನರ ಮೇಲೆ ಸುನ್ನತಿಯ ಭಾರ ಹೊರಿಸುವುದು ಬೇಡ, ಆದರೆ ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದರ ಮಾಂಸ, ಹಾದರ ಈ ನಾಲ್ಕನ್ನು ಬಿಡಲಿ ಎಂದು ತೀರ್ಮಾನಿಸಿದರೆಂದು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ಹೇಳುತ್ತದೆ. ಆದರೂ ಜಗಳ ನಿಲ್ಲಲಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರೊಂದಿಗೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದ ಕೂಡಲೇ ಹಿಂದೆಗೆದು ಬೇರೆಯಾಗಿ ಕೂತ. ಪೌಲ ಎಲ್ಲರೆದುರೇ ಅವನನ್ನು ಎದುರಿಸಿದ. ಗಲಾತ್ಯದ ಸಭೆಗಳಿಗೆ ಕ್ರಿ.ಶ. 50ರ ಆಸುಪಾಸಿನಲ್ಲಿ ಬರೆದ ಪತ್ರಿಕೆಯಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಹೇಳಿದ ಬೆನ್ನಿಗೇ, ಮನುಷ್ಯನು ನೀತಿವಂತನೆಂದು ನಿರ್ಣಯವಾಗುವುದು ಕ್ರಿಸ್ತನ ಮೇಲಿನ ನಂಬಿಕೆಯಿಂದಲೇ ಹೊರತು 'ಧರ್ಮಶಾಸ್ತ್ರದ ಕ್ರಿಯೆ'ಗಳಿಂದಲ್ಲ ಎಂಬ ತನ್ನ ಪ್ರಸಿದ್ಧ ವಾದವನ್ನು ಮುಂದಿಡುತ್ತಾನೆ.

ಗಲಾತ್ಯದ ಮತ್ತು ರೋಮಾಪುರದ ಪತ್ರಿಕೆಗಳಲ್ಲಿ ಈ ಪದಗುಚ್ಛ ಒಟ್ಟು ಎಂಟು ಸಲ ಬರುತ್ತದೆ. ಒಂದು ಸಲವೂ ಪೌಲ ಅದನ್ನು ವಿವರಿಸುವುದಿಲ್ಲ. ಕೇಳುವವರಿಗೆ ಗೊತ್ತೇ ಇತ್ತೆಂದು ತೋರುತ್ತದೆ. ಗೊತ್ತಿದ್ದವರ ತಲೆಮಾರು ಮುಗಿಯಿತು, ಸಭೆಗಳಲ್ಲಿ ಯೆಹೂದ್ಯರು ಕಡಿಮೆಯಾದರು, ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನೇ ನೆಲಸಮ ಮಾಡಿದರು. ಪದಗಳು ಉಳಿದವು, ಅವುಗಳ ಸುತ್ತ ಇದ್ದ ಲೋಕ ಅಳಿಸಿಹೋಯಿತು.

ಅಳಿದ ಲೋಕದ ಜಾಗದಲ್ಲಿ ಓದುವವರು ತಮ್ಮ ಲೋಕವನ್ನು ಇಟ್ಟರು. ಹದಿನಾರನೆಯ ಶತಮಾನದಲ್ಲಿ ವಿಟೆನ್‌ಬರ್ಗಿನ ಸನ್ಯಾಸಿ ಮಾರ್ಟಿನ್ ಲೂಥರ್ ಪೌಲನ ಪತ್ರಿಕೆಗಳನ್ನು ತರಗತಿಯಲ್ಲಿ ಪಾಠ ಹೇಳುತ್ತಿದ್ದ. ಉಪವಾಸ, ಜಾಗರಣೆ, ಪಾಪನಿವೇದನೆ ಎಲ್ಲ ಮಾಡಿಯೂ ದೇವರು ನನ್ನನ್ನು ಒಪ್ಪಿದನೆ ಎಂಬ ಭಯ ಅವನನ್ನು ಬಿಟ್ಟಿರಲಿಲ್ಲ. ಹಣ ಕೊಟ್ಟರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಚರ್ಚಿನ ಹೆಸರಿನಲ್ಲಿ ಪತ್ರಗಳನ್ನು ಮಾರುತ್ತಿದ್ದ ಕಾಲ ಅದು. ಪೌಲನ ಮಾತು ಲೂಥರನಿಗೆ ಬಿಡುಗಡೆಯಾಗಿ ಕೇಳಿಸಿತು: ಮನುಷ್ಯ ತನ್ನ ಕೆಲಸದಿಂದ ಸ್ವರ್ಗವನ್ನು ಸಂಪಾದಿಸಲಾರ, ಅದು ದೇವರ ಕೃಪೆಯ ದಾನ. ಈ ಅರಿವು ಅಸಂಖ್ಯ ಜನರ ಎದೆಯ ಭಾರ ಇಳಿಸಿದೆ. ನಾನು ಅದರ ಬಗ್ಗೆ ಎಂದೂ ಹಗುರವಾಗಿ ಮಾತಾಡಲಾರೆ. ಆದರೆ ಅದರ ಜೊತೆಗೇ ಇನ್ನೊಂದು ನಡೆಯಿತು. ಪೌಲ ವಿರೋಧಿಸಿದವರು ಸತ್ಕ್ರಿಯೆಗಳ ಲೆಕ್ಕ ತೋರಿಸಿ ದೇವರಿಂದ ರಕ್ಷಣೆಯನ್ನು ಕೊಳ್ಳಲು ಹೊರಟವರು ಎಂದಾಯಿತು. ಅವರು ಯೆಹೂದ್ಯ ಕ್ರೈಸ್ತರಾದ್ದರಿಂದ ಯೆಹೂದ್ಯ ಧರ್ಮವೇ ಅಂಥ ಲೆಕ್ಕದ ಧರ್ಮ ಎಂದಾಯಿತು. ಲೂಥರ್ ತಾನೇ 1543ರಲ್ಲಿ ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕೆಂದು ಬರೆಯುವ ಮಟ್ಟಕ್ಕೆ ಹೋದ. ಆ ಬರಹಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಧರ್ಮಶಾಸ್ತ್ರವೆಂದರೆ ವ್ಯರ್ಥ ಗರ್ವದ ಹಾದಿ ಎಂಬ ಚಿತ್ರ ಅದಕ್ಕೆ ನೆಲ ಹದಮಾಡಿಕೊಟ್ಟಿತೆಂಬುದನ್ನು ಮರೆಮಾಚಲಾಗದು. ಹಾರ್ವರ್ಡಿನ ಜಾರ್ಜ್ ಫುಟ್ ಮೂರ್ 1921ರಷ್ಟು ಹಿಂದೆಯೇ, ಕ್ರೈಸ್ತ ವಿದ್ವಾಂಸರು ಬರೆಯುತ್ತ ಬಂದ ಯೆಹೂದ್ಯ ಧರ್ಮ ಯೆಹೂದ್ಯರ ಗ್ರಂಥಗಳಲ್ಲಿ ಕಾಣುವ ಧರ್ಮವಲ್ಲ ಎಂದು ದೀರ್ಘ ಲೇಖನದಲ್ಲಿ ತೋರಿಸಿದ್ದರು. ಕಿವಿಗೊಟ್ಟವರು ಕಡಿಮೆ.

ಹಾಗಾದರೆ ಪೌಲನ ಕಾಲದ ಯೆಹೂದ್ಯರು 'ಧರ್ಮಶಾಸ್ತ್ರದ ಕ್ರಿಯೆ' ಎಂದಾಗ ಏನನ್ನು ಹೇಳುತ್ತಿದ್ದರು? ಹುಡುಕಲು ಎಲ್ಲಿಯೂ ದಾರಿ ಇರಲಿಲ್ಲ. ಹೀಬ್ರೂ ಬೈಬಲಿನಲ್ಲಿ ಆ ಪದಗುಚ್ಛ ಇಲ್ಲ. ರಬ್ಬಿಗಳ ಆರಂಭಕಾಲದ ಗ್ರಂಥಗಳಲ್ಲೂ ಅದು ಸಿಕ್ಕಿರಲಿಲ್ಲ. ಪೌಲನೇ ಹುಟ್ಟಿಸಿದ ಮಾತಿರಬೇಕೆಂದು ಹಲವರು ಭಾವಿಸಿದ್ದರು.

1947ರ ಹೊತ್ತಿಗೆ ಮೃತಸಮುದ್ರದ ವಾಯವ್ಯ ದಡದ ಕುಮ್ರಾನ್ ಬಳಿ ಬೆದೊಯಿನ್ ಕುರಿಗಾಹಿಗಳಿಗೆ ಮೊದಲ ಸುರುಳಿಗಳು ಸಿಕ್ಕಿದ್ದು ಲೋಕಪ್ರಸಿದ್ಧ. ನಮ್ಮ ಕತೆಗೆ ಬೇಕಾದದ್ದು ಐದು ವರ್ಷ ಆಮೇಲಿನದು. ಡೊಮಿನಿಕನ್ ಪಾದ್ರಿ ರೋಲಾನ್ ದ ವೋ ನೇತೃತ್ವದ ಪುರಾತತ್ವಜ್ಞರು ಹಾಳುಬಿದ್ದ ಕುಮ್ರಾನ್ ನೆಲೆಯನ್ನು ಅಗೆದಿದ್ದರು, ಹಿಂದಿನ ಸುಣ್ಣಕಲ್ಲಿನ ಬಂಡೆಸಾಲಿನ ಗುಹೆಗಳನ್ನು ಜಾಲಾಡಿದ್ದರು. ನೆಲೆಗೆ ಅಂಟಿಕೊಂಡಂತಿದ್ದ ಮೆತ್ತನೆ ಜೇಡಿಯ ದಿಬ್ಬವನ್ನು ಮಾತ್ರ ನೋಡಿರಲಿಲ್ಲ. ತಆಮ್ರೆ ಬುಡಕಟ್ಟಿನ ಮುದುಕನೊಬ್ಬ, ಹುಡುಗನಾಗಿದ್ದಾಗ ಗಾಯಗೊಂಡ ಕವುಜುಗ ಹಕ್ಕಿಯನ್ನು ಅಟ್ಟಿಸಿಕೊಂಡು ಅಲ್ಲೊಂದು ಕಿಂಡಿಗೆ ಇಳಿದದ್ದನ್ನು ನೆನಪಿಸಿಕೊಂಡನಂತೆ. ಅವನ ಕಡೆಯ ತರುಣರು 1952ರ ಬೇಸಿಗೆಯ ಕೊನೆಗೆ ಹಗ್ಗ ಹಿಡಿದು ಇಳಿದರು. ಅದೇ ನಾಲ್ಕನೆಯ ಗುಹೆ. ಸುದ್ದಿ ತಿಳಿದು ಪುರಾತತ್ವಜ್ಞರು ಸೆಪ್ಟೆಂಬರಿನಲ್ಲಿ ಓಡಿ ಬರುವಷ್ಟರಲ್ಲಿ ಹೆಚ್ಚಿನ ಭಾಗ ಖಾಲಿಯಾಗಿತ್ತು.

ಸುಮಾರು 15,000 ಚೂರುಗಳು. ಐನೂರಕ್ಕೂ ಹೆಚ್ಚು ಬೇರೆಬೇರೆ ಹಸ್ತಪ್ರತಿಗಳು. ಒಂದೇ ಒಂದು ಸುರುಳಿಯೂ ಇಡಿಯಾಗಿ ಉಳಿದಿರಲಿಲ್ಲ. ಬೆದೊಯಿನರ ಕೈಯಲ್ಲಿದ್ದುದನ್ನು ಚದರ ಸೆಂಟಿಮೀಟರಿಗೆ ಒಂದು ಜೋರ್ಡನ್ ದಿನಾರಿನಂತೆ ಕೊಳ್ಳಬೇಕಾಯಿತು. ಮಧ್ಯವರ್ತಿಯಾಗಿದ್ದವನು ಬೆತ್ಲೆಹೇಮಿನಲ್ಲಿ ಚಪ್ಪಲಿ ಹೊಲಿದು ಹಳೆಯ ವಸ್ತುಗಳನ್ನೂ ಮಾರುತ್ತಿದ್ದ, ಕಾಂಡೋ ಎಂದೇ ಹೆಸರಾದ ಖಲೀಲ್ ಇಸ್ಕಂದರ್ ಶಾಹೀನ್. ಜೋರ್ಡನ್ ಸರ್ಕಾರದ ಹಣ ಸಾಲದೆ ವಿದೇಶದ ವಿಶ್ವವಿದ್ಯಾಲಯಗಳೂ ಚರ್ಚುಗಳೂ ಚಂದಾ ಎತ್ತಿ ಕೊಟ್ಟವು. ಕೊಳ್ಳುವುದು ವರ್ಷಗಟ್ಟಲೆ ನಡೆಯಿತು.

ಚೂರುಗಳು ಬಂದು ಸೇರಿದ್ದು ಆಗ ಜೋರ್ಡನ್ ವಶದಲ್ಲಿದ್ದ ಪೂರ್ವ ಯೆರೂಸಲೇಮಿನ ಮ್ಯೂಸಿಯಮ್ಮಿಗೆ. ಉದ್ದನೆ ಮೇಜುಗಳ ಮೇಲೆ, ಗಾಜಿನ ಹಲಗೆಗಳ ಅಡಿಯಲ್ಲಿ ಅವನ್ನು ಹರಡಿದರು. ಕೆಲವನ್ನು ಸೆಲೋಟೇಪಿನಿಂದ ಅಂಟಿಸಿದರು. ಆ ಅಂಟನ್ನು ಬಿಡಿಸುವುದೇ ಮುಂದಿನ ತಲೆಮಾರಿಗೆ ದೊಡ್ಡ ಕೆಲಸವಾಯಿತು. ಕಪ್ಪಗೆ ಸುಟ್ಟಂತಾದ ತೊಗಲಿನ ಮೇಲಿನ ಅಕ್ಷರ ಬರಿಗಣ್ಣಿಗೆ ಕಾಣದಾದಾಗ ಮ್ಯೂಸಿಯಮ್ಮಿನ ಛಾಯಾಗ್ರಾಹಕ ನಜೀಬ್ ಅಲ್ಬೀನಾ ಇನ್‌ಫ್ರಾರೆಡ್ ಚಿತ್ರಗಳನ್ನು ತೆಗೆದ. ಇಂದಿಗೂ ಎಷ್ಟೋ ಅಕ್ಷರಗಳು ಮೂಲಕ್ಕಿಂತ ಅವನ ಚಿತ್ರಗಳಲ್ಲೇ ಚೆನ್ನಾಗಿ ಕಾಣುತ್ತವೆ. ಸುರುಳಿಗಳ ಕತೆ ಹೇಳುವವರು ಪ್ರಾಧ್ಯಾಪಕರ ಹೆಸರು ಹೇಳಿ ಇವನನ್ನು ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ.

1954ರಲ್ಲಿ ಆಕ್ಸ್‌ಫರ್ಡಿನಿಂದ ಜಾನ್ ಸ್ಟ್ರಗ್ನೆಲ್ ಎಂಬ ಇಪ್ಪತ್ತನಾಲ್ಕರ ತರುಣ ಚೂರುಗಳನ್ನು ಓದಿ ಜೋಡಿಸುವ ವಿದ್ವಾಂಸರ ತಂಡಕ್ಕೆ ಸೇರಿದ. ಕೈಬರಹದ ಬಾಗುಬಳುಕುಗಳನ್ನು ಗುರುತಿಸುವುದರಲ್ಲಿ ಅವನಿಗೆ ಅಪರೂಪದ ಕಣ್ಣಿತ್ತು. ಅವನ ಪಾಲಿಗೆ ಬಂದ ರಾಶಿಯಲ್ಲಿ ಒಂದೇ ಕೃತಿಯ ಆರು ಪ್ರತಿಗಳ ಚೂರುಗಳು ಇದ್ದವು; ಐದು ತೊಗಲಿನ ಮೇಲೆ, ಒಂದು ಪಪೈರಸ್ಸಿನ ಮೇಲೆ. ಇಂದಿನ ಪಟ್ಟಿಯಲ್ಲಿ ಅವು 394ರಿಂದ 399ರವರೆಗಿನ ಸಂಖ್ಯೆಗಳು. ಅಕ್ಷರಗಳ ರೂಪ ನೋಡಿದರೆ ಕ್ರಿ.ಪೂ. ಮೊದಲ ಶತಮಾನದಿಂದ ಕ್ರಿ.ಶ. ಮೊದಲ ಶತಮಾನದ ನಡುವೆ ನಕಲು ಮಾಡಿದವು. ಮೂಲ ಕೃತಿ ಇನ್ನೂ ಹಳೆಯದು, ಬಹುಶಃ ಕ್ರಿ.ಪೂ. ಎರಡನೆಯ ಶತಮಾನದ್ದು. ಅಂದರೆ ಪೌಲ ಹುಟ್ಟುವ ಮೊದಲೇ ಬರೆದು, ಅವನು ಬದುಕಿದ್ದ ಕಾಲದ ಹತ್ತಿರದವರೆಗೂ ನಕಲಾಗುತ್ತಿದ್ದ ಬರಹ.

ಒಂದು ಪ್ರತಿಯಲ್ಲಿ ಹರಿದ ಸಾಲು ಇನ್ನೊಂದು ಪ್ರತಿಯಲ್ಲಿ ಅರ್ಧ ಉಳಿದಿರುತ್ತಿತ್ತು. ಹೀಗೆ ಆರರಿಂದ ಒಂದನ್ನು ಕಟ್ಟಬೇಕು. ಸ್ಟ್ರಗ್ನೆಲ್ ಚೂರುಗಳನ್ನು ಗುಂಪು ಮಾಡಿ, ಓದಿ, ಬಹುಪಾಲು ಜೋಡಿಸಿದ. ಅಲ್ಲಿಗೆ ನಿಂತುಹೋದ. ಬರಹದಲ್ಲಿ ಇದ್ದುದೆಲ್ಲ ಬಲಿ, ಧಾನ್ಯ, ತೊಗಲು, ಬೂದಿ, ನೀರಿನ ಧಾರೆ. ಯೆಹೂದ್ಯ ಆಚಾರಶಾಸ್ತ್ರದಲ್ಲಿ ಮುಳುಗಿ ಎದ್ದವರಿಗಲ್ಲದೆ ಅದು ಬಿಡಿಸಿಕೊಳ್ಳುವಂಥದ್ದಲ್ಲ. ಹೀಬ್ರೂ ಭಾಷೆಯೂ ಬೈಬಲಿನದಕ್ಕಿಂತ ಬೇರೆ, ರಬ್ಬಿಗಳ ಹೀಬ್ರೂವಿಗೆ ಹತ್ತಿರ. ತಂಡದ ಇನ್ನೊಬ್ಬ, ಯೂಝೆಫ್ ಮಿಲಿಕ್, 1962ರಲ್ಲಿ ಭಾಷೆಯ ವಿಚಾರಕ್ಕಾಗಿ ಅದರ ಕೆಲವು ಸಾಲುಗಳನ್ನು ಉಲ್ಲೇಖಿಸಿದ್ದು ಬಿಟ್ಟರೆ ಹೊರಗಿನ ಲೋಕಕ್ಕೆ ಅದು ಇರುವುದೇ ಗೊತ್ತಿರಲಿಲ್ಲ. ಆ ತಂಡದಲ್ಲಿ ಒಬ್ಬ ಯೆಹೂದ್ಯನೂ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ರಾಜಕೀಯ ಕಾರಣದಿಂದ ಯೆಹೂದ್ಯರಿಗೆ ಆ ಕೋಣೆಯ ಬಾಗಿಲು ಮುಚ್ಚಿತ್ತು. ಬರಹವನ್ನು ಓದಬಲ್ಲವರಿಗೆ ಅದು ಸಿಗದೆ, ಸಿಕ್ಕವರಿಗೆ ಓದಲಾಗದೆ ಕಾಲು ಶತಮಾನ ಕಳೆಯಿತು.

1967ರ ಯುದ್ಧದಲ್ಲಿ ಮ್ಯೂಸಿಯಂ ಇಸ್ರೇಲಿನ ವಶವಾಯಿತು. 1980ರ ಹೊತ್ತಿಗೆ ಸ್ಟ್ರಗ್ನೆಲ್, ಬೇರ್ ಶೇವಾದ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಎಲಿಶಾ ಕಿಮ್ರೋನ್ ನೆರವು ಕೇಳಿದ. ಸುರುಳಿಗಳ ಹೀಬ್ರೂವಿನ ವ್ಯಾಕರಣವನ್ನೇ ಅಧ್ಯಯನ ಮಾಡಿದ್ದ ವಿದ್ವಾಂಸ ಕಿಮ್ರೋನ್. ಆಚಾರಶಾಸ್ತ್ರದ ಭಾಗಕ್ಕೆ ತಾಲ್ಮುದ್ ಪಂಡಿತ ಯಾಕೋವ್ ಸುಸ್ಮನ್ ಜೊತೆಯಾದರು. ಕಿಮ್ರೋನ್ ಹನ್ನೊಂದು ವರ್ಷ ಇದರಲ್ಲೇ ಕಳೆದರು. ತೂತಾದಲ್ಲಿ ಯಾವ ಪದ ಇರಬಲ್ಲದು, ಎಷ್ಟು ಅಕ್ಷರ ಹಿಡಿಸಬಲ್ಲದು, ರಬ್ಬಿಗಳ ಆಚಾರಸಂಗ್ರಹವಾದ ಮಿಶ್ನಾದ ಯಾವ ವಾದಕ್ಕೆ ಇದು ಎದುರುವಾದ ಎಂದು ಕೂಡಿಸುತ್ತ ಕೂಡಿಸುತ್ತ ಸುಮಾರು 120 ಸಾಲುಗಳ ಬರಹ ಮೈದಳೆಯಿತು.

ಓದಿದರೆ ಅದರಲ್ಲಿ ಮೂರು ಪಕ್ಷಗಳು. ಬರೆಯುವ 'ನಾವು', ಓದುವ 'ನೀವು', ನಾವು ಒಪ್ಪದ 'ಅವರು'. ಪ್ರತಿ ವಿಷಯಕ್ಕೂ ನಮ್ಮ ಮತ ಹೀಗೆ ಎಂದು ಹೇಳಿ ಮುಂದೆ ಹೋಗುತ್ತದೆ. ಯೆರೂಸಲೇಮೇ ಪವಿತ್ರ ಪಾಳೆಯ. ಬಲಿಮಾಂಸ ಹತ್ತಿದ ಎಲುಬನ್ನು ತಿಂದಾವೆಂಬ ಕಾರಣಕ್ಕೆ ನಾಯಿಗಳನ್ನು ಅದರೊಳಗೆ ಬಿಡಕೂಡದು. ಕೆಂಪು ಆಕಳನ್ನು ಸುಟ್ಟು ಶುದ್ಧೀಕರಣದ ಬೂದಿ ಮಾಡುವವರು ಸ್ನಾನ ಮಾಡಿದರೆ ಸಾಲದು, ಸೂರ್ಯ ಮುಳುಗುವವರೆಗೆ ಕಾಯಬೇಕು. ಅನ್ಯಜನರ ಗೋಧಿಯನ್ನು ದೇವಾಲಯಕ್ಕೆ ತರಬಾರದು. ನಾಲ್ಕನೆಯ ವರ್ಷದ ಹಣ್ಣು ಯಾಜಕರಿಗೆ ಸೇರಬೇಕು. ಇಂಥವು ಇಪ್ಪತ್ತಕ್ಕೂ ಹೆಚ್ಚು. ನೀರಿನ ಧಾರೆಯ ಪ್ರಶ್ನೆಯಲ್ಲಿ ಈ ಬರಹದ ನಿಲುವು ಮಿಶ್ನಾದಲ್ಲಿ ಎದುರು ಪಂಥದ ಸದ್ದುಕಾಯರು ಫರಿಸಾಯರ ಮೇಲೆ ಹೊರಿಸುವ ಆಕ್ಷೇಪಕ್ಕೆ ಸರಿಯಾಗಿ ಕೂಡುತ್ತದೆ. ಆದ್ದರಿಂದ 'ಅವರು' ಎಂದರೆ ಫರಿಸಾಯರೋ ಅವರ ಪೂರ್ವಿಕರೋ ಇರಬೇಕು. ಪೌಲ ಬೆಳೆದ ಪಂಥವೇ ಅದು.

ಆಮೇಲೆ ಬರಹದ ದನಿ ಬದಲಾಗುತ್ತದೆ. ಈ ಕಾರಣಗಳಿಗಾಗಿ ನಾವು ಜನಸಮೂಹದಿಂದ ಬೇರೆಯಾಗಿದ್ದೇವೆ ಎನ್ನುತ್ತದೆ. ಇಸ್ರಾಯೇಲಿನ ಅರಸರನ್ನು, ದಾವೀದನನ್ನು ನೆನೆ ಎಂದು ಓದುಗನಿಗೆ ಹೇಳುತ್ತದೆ. ಓದುವವನು ಯಾರೋ ಆಳುವವನಿರಬೇಕು. ಧರ್ಮೋಪದೇಶಕಾಂಡದ ಆಶೀರ್ವಾದ-ಶಾಪಗಳು ನೆರವೇರುವ ಕಾಲ ಬಂದಿದೆಯೆಂದು ಎಚ್ಚರಿಸುತ್ತದೆ. ನಿನಗೂ ನಿನ್ನ ಜನಕ್ಕೂ ಒಳಿತಾಗಲೆಂದು ಕೆಲವು 'ಮಅಸೆ ಹ-ತೋರಾ'ಗಳನ್ನು ಬರೆದಿದ್ದೇವೆ ಎನ್ನುತ್ತದೆ. ಇವನ್ನು ಒಪ್ಪಿ ನಡೆದರೆ ಕಾಲದ ಕೊನೆಗೆ ನಿನಗೆ ಅದು ನೀತಿಯೆಂದು ಎಣಿಸಲ್ಪಡುವುದು ಎಂಬ ಭರವಸೆಯೊಂದಿಗೆ ಮುಗಿಯುತ್ತದೆ.

1984ರ ಏಪ್ರಿಲಿನಲ್ಲಿ ಯೆರೂಸಲೇಮಿನ ಪುರಾತತ್ವ ಸಮ್ಮೇಳನದಲ್ಲಿ ಕಿಮ್ರೋನ್ ಮತ್ತು ಸ್ಟ್ರಗ್ನೆಲ್ ಈ ಬರಹವನ್ನು ಮೊದಲ ಬಾರಿಗೆ ಪರಿಚಯಿಸಿದರು. ಆ ಕೊನೆಯ ಭಾಗದಿಂದಲೇ ಎತ್ತಿ 'ಮಿಕ್ಸತ್ ಮಅಸೆ ಹ-ತೋರಾ' ಎಂದು ಹೆಸರಿಟ್ಟರು. ಇಂಗ್ಲಿಷಿಗೆ ತರುವಾಗ 'ಧರ್ಮಶಾಸ್ತ್ರದ ಕೆಲವು ವಿಧಿಗಳು' ಎಂಬರ್ಥದ ಪದ ಬಳಸಿದರು. ಬರಹದ ವಸ್ತುವಿಗೆ ಅದು ಒಪ್ಪುತ್ತದೆ. ಆದರೆ ಆ ಇಂಗ್ಲಿಷನ್ನು ಓದಿದ ಹೊಸ ಒಡಂಬಡಿಕೆಯ ವಿದ್ವಾಂಸರಿಗೆ ಪೌಲನ ನೆನಪಾಗುವ ಸಂಭವ ಕಡಿಮೆ. ಪೌಲನ ಹೊರತು ಬೇರೆಲ್ಲೂ ಇಲ್ಲವೆಂದುಕೊಂಡಿದ್ದ 'ಧರ್ಮಶಾಸ್ತ್ರದ ಕ್ರಿಯೆ' ಎಂಬ ಪದಗುಚ್ಛ ಹೀಬ್ರೂ ಶೀರ್ಷಿಕೆಯಲ್ಲೇ ಕೂತಿತ್ತು.

ಮುಂದಿನ ಹತ್ತು ವರ್ಷ ಸಂಪಾದಿತ ಪಠ್ಯ ಹೊರಬರಲಿಲ್ಲ, ಜಗಳ ಬಂತು. ಸುರುಳಿಗಳನ್ನು ಕೆಲವರೇ ಬಚ್ಚಿಟ್ಟುಕೊಂಡಿದ್ದಾರೆಂಬ ಆಕ್ರೋಶ ಎಲ್ಲೆಡೆ ಬೆಳೆದಿತ್ತು. ಮುಖ್ಯ ಸಂಪಾದಕನಾಗಿದ್ದ ಸ್ಟ್ರಗ್ನೆಲ್ 1990ರಲ್ಲಿ ಇಸ್ರೇಲಿನ ಪತ್ರಿಕೆಯೊಂದರ ಸಂದರ್ಶನದಲ್ಲಿ ಯೆಹೂದ್ಯ ಧರ್ಮವನ್ನು ಹೀನಾಯವಾಗಿ ನಿಂದಿಸಿ ಹುದ್ದೆ ಕಳೆದುಕೊಂಡ. ಯೆಹೂದ್ಯರ ಧರ್ಮಗ್ರಂಥಗಳ ಚೂರುಗಳ ಮೇಲೆ ಮೂವತ್ತಾರು ವರ್ಷ ಬಾಗಿ ಕೂತವನ ಬಾಯಿಂದ ಆ ಮಾತು ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ. ಎಷ್ಟು ಆಳಕ್ಕೆ ಆ ಹಳೆಯ ಚಿತ್ರ ಇಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 1991ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಹಂಟಿಂಗ್ಟನ್ ಗ್ರಂಥಾಲಯ ತನ್ನಲ್ಲಿದ್ದ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಕೆಲವೇ ವಾರಗಳಲ್ಲಿ ಅಮೆರಿಕದ ಪತ್ರಿಕಾ ಸಂಪಾದಕ ಹರ್ಷೆಲ್ ಶಾಂಕ್ಸ್ ತಮ್ಮ ಸಂಸ್ಥೆ ಹೊರತಂದ ಚಿತ್ರಸಂಪುಟದ ಮುನ್ನುಡಿಯಲ್ಲಿ, ಕೈಯಿಂದ ಕೈಗೆ ಹರಿದಾಡುತ್ತಿದ್ದ ಈ ಬರಹದ ಪುನರ್ರಚಿತ ಪಠ್ಯವನ್ನೂ ಕಿಮ್ರೋನ್ ಹೆಸರಿಲ್ಲದೆ ಅಚ್ಚು ಹಾಕಿದರು. ಕಿಮ್ರೋನ್ ಯೆರೂಸಲೇಮಿನ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. 1993ರ ಮಾರ್ಚಿನಲ್ಲಿ ನ್ಯಾಯಾಧೀಶೆ ದಾಲಿಯಾ ಡೋರ್ನರ್, ಚೂರುಗಳು ಯಾರ ಸ್ವತ್ತೂ ಅಲ್ಲದಿದ್ದರೂ ಅವುಗಳನ್ನು ಜೋಡಿಸಿ ತೂತು ತುಂಬಿದ ಪಠ್ಯ ಕಿಮ್ರೋನರ ಸೃಷ್ಟಿ ಎಂದು ತೀರ್ಪಿತ್ತು, 1,00,000 ಶೆಕೆಲ್ ಪರಿಹಾರ ಕೊಡಿಸಿದರು. 2000ದ ಆಗಸ್ಟಿನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪು ನ್ಯಾಯವೇ ಎಂಬುದು ನನ್ನ ನಿಲುವು, ಮೂವತ್ತು ವರ್ಷದ ಮುಚ್ಚುಮರೆಯನ್ನು ಅದು ಸಮರ್ಥಿಸದಿದ್ದರೂ.

1994ರಲ್ಲಿ ಆಕ್ಸ್‌ಫರ್ಡಿನ ಅಧಿಕೃತ ಮಾಲೆಯ ಹತ್ತನೆಯ ಸಂಪುಟವಾಗಿ ಬರಹ ಪ್ರಕಟವಾಯಿತು. ಅದೇ ವರ್ಷದ ಕೊನೆಗೆ ಮಾರ್ಟಿನ್ ಅಬೆಗ್ ಎಂಬ ಅಮೆರಿಕದ ವಿದ್ವಾಂಸ ಶಾಂಕ್ಸರ 'ಬಿಬ್ಲಿಕಲ್ ಆರ್ಕಿಯಾಲಜಿ ರಿವ್ಯೂ' ಪತ್ರಿಕೆಯಲ್ಲಿ ಲೇಖನ ಬರೆದರು. ಮೂರು ವರ್ಷದ ಹಿಂದೆ, ತಂಡದ ಆಂತರಿಕ ಬಳಕೆಗೆಂದು ಮಾಡಿದ್ದ ಪದಸೂಚಿಯನ್ನು ಕಂಪ್ಯೂಟರಿಗೆ ಉಣಿಸಿ, ಗುರು ವಾಖೋಲ್ಡರರ ಜೊತೆ ಅಪ್ರಕಟಿತ ಸುರುಳಿಗಳನ್ನೇ ಮರಳಿ ಕಟ್ಟಿದ್ದವರು ಇವರು. ಅಬೆಗ್ ಹೇಳಿದ್ದು ಸರಳ. 'ವಿಧಿಗಳು' ಎಂಬ ಅನುವಾದವನ್ನು ಪಕ್ಕಕ್ಕಿಟ್ಟು ಹೀಬ್ರೂವನ್ನೇ ನೋಡಿ. ಬೈಬಲಿನ ಹಳೆಯ ಗ್ರೀಕ್ ಭಾಷಾಂತರಕಾರರು 'ಮಅಸೆ' ಎಂಬುದಕ್ಕೆ ಸಾಮಾನ್ಯವಾಗಿ ಬಳಸುತ್ತಿದ್ದ ಗ್ರೀಕ್ ಪದವನ್ನಿಟ್ಟರೆ ಸಿಗುವುದು ಪೌಲನ ಪದಗುಚ್ಛವೇ. ಅದು ಪೌಲ ಹುಟ್ಟಿಸಿದ್ದಲ್ಲ. ಅವನ ಕಾಲದ ಯೆಹೂದ್ಯರ ನಡುವೆ ನಿಜವಾಗಿ ಓಡಾಡುತ್ತಿದ್ದ ಮಾತು.

ಅಬೆಗ್ ಲೇಖನ ಇಷ್ಟು ಸದ್ದು ಮಾಡಲು ಕಾರಣ, ಅದಕ್ಕೆ ನೆಲ ಆಗಲೇ ಸಿದ್ಧವಿತ್ತು. ಹೊಸ ಒಡಂಬಡಿಕೆಯ ವಿದ್ವಾಂಸ ಇ. ಪಿ. ಸ್ಯಾಂಡರ್ಸ್ 1977ರಲ್ಲಿ ಪೌಲನ ಕಾಲದ ಯೆಹೂದ್ಯ ಗ್ರಂಥಗಳನ್ನು ಒಂದೊಂದಾಗಿ ಪರಿಶೀಲಿಸಿ, ಅಲ್ಲಿ ಮೊದಲು ಬರುವುದು ದೇವರ ಕೃಪೆಯೇ ಎಂದು ತೋರಿಸಿದ್ದರು. ದೇವರು ಇಸ್ರಾಯೇಲನ್ನು ಆರಿಸಿಕೊಂಡದ್ದು ಅವರ ಯೋಗ್ಯತೆಗಲ್ಲ. ಧರ್ಮಶಾಸ್ತ್ರ ಒಡಂಬಡಿಕೆಯೊಳಗೆ ಪ್ರವೇಶಿಸಲು ತೆರುವ ಬೆಲೆಯಲ್ಲ, ಒಳಗಿರುವವರು ಬದುಕುವ ಬಗೆ. 1982ರ ನವೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಉಪನ್ಯಾಸ ಕೊಟ್ಟ ಜೇಮ್ಸ್ ಡನ್ ಇನ್ನೂ ಮುಂದೆ ಹೋದರು. 'ಧರ್ಮಶಾಸ್ತ್ರದ ಕ್ರಿಯೆ' ಎಂದಾಗ ಪೌಲನ ಕಣ್ಣಮುಂದೆ ಇದ್ದದ್ದು ಮುಖ್ಯವಾಗಿ ಸುನ್ನತಿ, ಊಟದ ಕಟ್ಟಳೆ, ಸಬ್ಬತ್. ಇವು ಯೆಹೂದ್ಯರನ್ನು ಉಳಿದವರಿಂದ ಬೇರ್ಪಡಿಸುವ ಗುರುತುಗಳು ಎಂದು ವಾದಿಸಿದರು. ಆಗ ಅವರಿಗೆ ನಾಲ್ಕನೆಯ ಗುಹೆಯ ಪತ್ರ ಗೊತ್ತಿರಲಿಲ್ಲ. ಯೆರೂಸಲೇಮಿನ ಸಮ್ಮೇಳನ ನಡೆಯಲು ಇನ್ನೂ ಒಂದೂವರೆ ವರ್ಷವಿತ್ತು. 1997ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಅವರು ಬರೆದ ಲೇಖನ ಓದಿದಾಗ ಮೈ ಜುಮ್ಮೆನ್ನುತ್ತದೆ. ಪತ್ರ 'ನಾವು ಬೇರೆಯಾದೆವು' ಎನ್ನುತ್ತದೆ. ಅಂತಿಯೋಕ್ಯದಲ್ಲಿ ಪೇತ್ರ ತನ್ನನ್ನು ಬೇರೆ ಮಾಡಿಕೊಂಡ ಎನ್ನುತ್ತಾನೆ ಪೌಲ. ಪತ್ರ ಧರ್ಮೋಪದೇಶಕಾಂಡದ ಆಶೀರ್ವಾದ-ಶಾಪಗಳಿಗೆ ಹೋಗುತ್ತದೆ. ಗಲಾತ್ಯದ ಮೂರನೆಯ ಅಧ್ಯಾಯವೂ ಅಲ್ಲಿಗೇ ಹೋಗುತ್ತದೆ. ಪತ್ರ 'ನೀತಿಯೆಂದು ಎಣಿಸಲ್ಪಡುವುದು' ಎಂದು ಮುಗಿಸುತ್ತದೆ. ಪೌಲ ಅದೇ ಮಾತನ್ನು ಹಿಡಿದು ವಾದ ಆರಂಭಿಸುತ್ತಾನೆ.

ಈ ಕೊನೆಯದರ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎಲ್ಲ ಪಕ್ಷಗಳೂ ಇಲ್ಲಿ ಕಷ್ಟಕ್ಕೆ ಸಿಕ್ಕುತ್ತವೆ. ಹೀಬ್ರೂ ಬೈಬಲಿನಲ್ಲಿ ಯಾರಿಗಾದರೂ ಏನಾದರೂ ನೀತಿಯೆಂದು ಎಣಿಸಲ್ಪಟ್ಟ ಪ್ರಸಿದ್ಧ ಸಂದರ್ಭಗಳು ಎರಡು. ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಅಬ್ರಹಾಮನ ನಂಬಿಕೆ. 106ನೆಯ ಕೀರ್ತನೆಯಲ್ಲಿ ಫೀನೆಹಾಸನ ಕೃತ್ಯ. ಫೀನೆಹಾಸ ಅನ್ಯಸ್ತ್ರೀಯ ಜೊತೆಗಿದ್ದ ಇಸ್ರಾಯೇಲ್ಯನನ್ನೂ ಅವಳನ್ನೂ ಈಟಿಯಿಂದ ತಿವಿದು ಕೊಂದವನು. ಬೇರ್ಪಡುವಿಕೆಯನ್ನು ಕಾಪಾಡಿದ ಯಾಜಕ. ಗುಹೆಯ ಪತ್ರದ ಮನಸ್ಸು ಫೀನೆಹಾಸನ ಕಡೆಗಿದೆ. ಪೌಲ ಬೇಕೆಂದೇ ಅಬ್ರಹಾಮನನ್ನು ಆರಿಸಿಕೊಳ್ಳುತ್ತಾನೆ, ಅದೂ ಸುನ್ನತಿಗೆ ಮೊದಲಿನ ಅಬ್ರಹಾಮನನ್ನು. ಯಾಕೋಬನ ಪತ್ರಿಕೆ ಅದೇ ಅಬ್ರಹಾಮನನ್ನು ತೆಗೆದುಕೊಂಡು, ಅವನು ಮಗನನ್ನು ಬಲಿಪೀಠದ ಮೇಲೆ ಇಟ್ಟದ್ದನ್ನು ತೋರಿಸಿ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತದೆ. ಮೂವರೂ ಒಂದೇ ಧರ್ಮಗ್ರಂಥವನ್ನು ಕೈಯಲ್ಲಿ ಹಿಡಿದು, ಒಂದೇ ನುಡಿಗಟ್ಟಿನ ಒಡೆತನಕ್ಕಾಗಿ ವಾದಿಸುತ್ತಿದ್ದಾರೆ. ಪೌಲನ ವಾದ ಯೆಹೂದ್ಯ ಧರ್ಮದ ಹೊರಗಿನಿಂದ ಎಸೆದ ಕಲ್ಲಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಡನ್‌ರ ವಾದವೂ ಈ ಪತ್ರದ ಮುಂದೆ ಪೂರ್ತಿ ಸುಖವಾಗಿ ನಿಲ್ಲುವುದಿಲ್ಲ. ಪತ್ರದಲ್ಲಿ ಸುನ್ನತಿಯ ವಿವಾದವೇ ಇಲ್ಲ. ಅದು ಬೇರ್ಪಡಿಸುವುದು ಮುಖ್ಯವಾಗಿ ಯೆಹೂದ್ಯನನ್ನು ಯೆಹೂದ್ಯನಿಂದ; ಹೊಸ ಒಡಂಬಡಿಕೆಯ ವಿದ್ವಾಂಸ ಎನ್. ಟಿ. ರೈಟ್ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದಾರೆ. ಮೇಲಾಗಿ, ವಿಧಿಗಳನ್ನು ಪಾಲಿಸಿದರೆ ಅಂತ್ಯಕಾಲದಲ್ಲಿ ನೀತಿಯೆಂದು ಎಣಿಕೆಯಾಗುತ್ತದೆ ಎಂಬ ಮಾತಿನಲ್ಲಿ ಕ್ರಿಯೆಗೂ ದೇವರ ಅಂತಿಮ ತೀರ್ಪಿಗೂ ನಂಟು ಇದ್ದೇ ಇದೆ. ಲೂಥರನ ಪರಂಪರೆಯವರು ಅಲ್ಲಿ ಬೆರಳಿಟ್ಟು, ನಾವು ಹೇಳಿದ್ದೂ ಇದನ್ನೇ ಅಲ್ಲವೆ ಎಂದು ಕೇಳುವುದು ಅನ್ಯಾಯವಲ್ಲ. ಆದರೆ ಪತ್ರವನ್ನು ಬರೆದವರು ರಕ್ಷಣೆಯ ಹೊಸ್ತಿಲಲ್ಲಿ ನಿಂತು ಒಳಗೆ ಬಿಡುವಂತೆ ಬೇಡುತ್ತಿಲ್ಲ. ಒಡಂಬಡಿಕೆಯ ಮನೆಯೊಳಗೆ ಹುಟ್ಟಿದವರು, ದೇವರು ವಾಸಿಸುವ ಆ ಮನೆಯನ್ನು ಶುದ್ಧವಾಗಿ ಇಡುವುದು ಹೇಗೆಂದು ಚಿಂತಿಸುತ್ತಿದ್ದಾರೆ. ಅವರ ಕಳವಳದಲ್ಲಿ ಪ್ರೀತಿ ಇದೆ. ಗರ್ವ, ವ್ಯಾಪಾರ ಎಂಬ ಪದಗಳನ್ನು ಅವರ ಮೇಲೆ ಹೊರಿಸುವುದು ಇನ್ನು ಸಾಧ್ಯವಿಲ್ಲ.

ಪೌಲನ ಆ ಹಳೆಯ ಓದು ನಮ್ಮ ನಾಡಿಗೂ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಲೂಥರ್ ಮತ್ತು ಕ್ಯಾಲ್ವಿನರ ಪರಂಪರೆಗಳು ಕೂಡಿದ ಭಕ್ತಿಪಂಥದಿಂದ ಬಂದವರು; ಕೃಪೆ ಮತ್ತು ಕ್ರಿಯೆಯ ಎದುರುಬದುರು ಅವರ ಬೋಧನೆಯ ಜೀವಾಳ. ಕರಾವಳಿಯ ಕೆಥೊಲಿಕರು ಅದಕ್ಕೂ ಮುಂಚಿನಿಂದ ಬೇರೆ ಬಗೆಯಲ್ಲಿ ಅದೇ ಪತ್ರಿಕೆಗಳನ್ನು ಕೇಳುತ್ತಿದ್ದರು. ಈ ಎರಡು ಪರಂಪರೆಗಳ ಮೂಲಮನೆಗಳು ನಾಲ್ಕುನೂರು ವರ್ಷಗಳಿಗೂ ಮಿಕ್ಕಿ ಪರಸ್ಪರ ಖಂಡಿಸಿಕೊಂಡ ಮೇಲೆ, 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕೆಥೊಲಿಕ್ ಚರ್ಚೂ ನೀತಿನಿರ್ಣಯದ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯ ಸ್ವೀಕೃತನಾಗುವುದು ತನ್ನ ಅರ್ಹತೆಯಿಂದಲ್ಲ, ಕೃಪೆಯಿಂದ. ಸ್ವೀಕೃತನಾದವನು ಸತ್ಕ್ರಿಯೆಗೆ ಕರೆಯಲ್ಪಟ್ಟಿದ್ದಾನೆ ಎಂಬಲ್ಲಿ ಇಬ್ಬರೂ ಕೂಡಿದರು. ದೊಡ್ಡ ಹೆಜ್ಜೆ ಅದು. ಆದರೆ ಅದು ಕ್ರೈಸ್ತರು ಕ್ರೈಸ್ತರೊಂದಿಗೆ ಮಾಡಿಕೊಂಡ ರಾಜಿ. ಪೌಲನ ವಾದದಲ್ಲಿ ಎದುರಿಗಿದ್ದ ಯೆಹೂದ್ಯನ ಮಾತನ್ನು ಕೇಳಿಸಿಕೊಳ್ಳುವ ಕೆಲಸ ಬೇರೆಯೇ ಇದೆ. ಗುಹೆಯ ಪತ್ರ ಅದಕ್ಕೇ ಬೇಕು.

ಪತ್ರದ ಕುರಿತೂ ಎಲ್ಲ ತೀರ್ಮಾನವಾಗಿಲ್ಲ. ಸಂಪುಟ ಹೊರಬಂದ 1994ರಲ್ಲೇ ಸ್ಟ್ರಗ್ನೆಲ್ ತನ್ನದೇ ಕೆಲಸದ ಬಗ್ಗೆ ಮರುಚಿಂತನೆ ಬರೆದ: ಇದು ಪತ್ರವೇ ಹೌದೆ, ಮೊದಲಿಗಿರುವ 364 ದಿನಗಳ ಪಂಚಾಂಗ ಇದರದೇ ಭಾಗವೆ ಎಂದು ಅನುಮಾನಪಟ್ಟ. ಕೊನೆಯ ಭಾಗದ ಪಪೈರಸ್ ಚೂರುಗಳ ಕ್ರಮ ಯಾವುದೆಂಬ ಚರ್ಚೆಯೂ ನಡೆದೇ ಇದೆ. ಆದರೆ ಆ ಪದಗುಚ್ಛ ಇರುವುದರಲ್ಲಿ, ಅದು ನಿಂತಿರುವ ಸಂದರ್ಭದಲ್ಲಿ ಸಂಶಯವಿಲ್ಲ. ಅದನ್ನು ಓದಿಕೊಂಡು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯಕ್ಕೆ ಮರಳಿದರೆ, ಲೂಥರ್ 'ಮಾತ್ರ' ಎಂಬ ಪದವನ್ನು ತಾನಾಗಿ ಸೇರಿಸಿ ಜರ್ಮನಿಗೆ ತಂದ 28ನೆಯ ವಚನದ ಮುಂದೆ 29ನೆಯದು ಕಾಣುತ್ತದೆ. ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದ ಎಂದು ಹೇಳಿದ ಉಸಿರಿನಲ್ಲೇ ಪೌಲ, ದೇವರು ಯೆಹೂದ್ಯರಿಗಷ್ಟೇ ದೇವರೋ, ಅನ್ಯಜನರಿಗೂ ಹೌದೋ ಎಂದು ಕೇಳುತ್ತಾನೆ. ಸತ್ಕ್ರಿಯೆಯಿಂದ ಸ್ವರ್ಗ ಗಳಿಸುವ ಮಾತು ನಡೆಯುತ್ತಿದ್ದರೆ ಈ ಪ್ರಶ್ನೆಗೆ ಅಲ್ಲಿ ಕೆಲಸವಿಲ್ಲ. ಯಾರು ಒಳಗೆ, ಯಾರು ಹೊರಗೆ, ಯಾರ ಜೊತೆ ಯಾರು ಉಣ್ಣಬಹುದು ಎಂಬ ಮಾತಾಗಿದ್ದರೆ ಮುಂದೆ ಬರಬೇಕಾದ ಪ್ರಶ್ನೆ ಅದೇ. ಎರಡು ವಚನ ದಾಟಿದರೆ, ಹಾಗಾದರೆ ನಂಬಿಕೆಯಿಂದ ಧರ್ಮಶಾಸ್ತ್ರವನ್ನು ತೊಡೆದುಹಾಕುತ್ತೇವೆಯೋ ಎಂದು ತನಗೆ ತಾನೇ ಆಕ್ಷೇಪ ಎತ್ತಿಕೊಂಡು, ಎಂದಿಗೂ ಇಲ್ಲ, ಅದನ್ನು ಸ್ಥಿರಪಡಿಸುತ್ತೇವೆ ಎಂದು ಅವನು ಉತ್ತರಿಸುತ್ತಾನೆ.